ದೂರದ ಮತಗಟ್ಟೆ ಬೇಕೆಂದವರು

ಮತಗಟ್ಟೆ ದೂರವಾಗುತ್ತದೆ, ಹತ್ತಿರ ಮಾಡಿ ಎಂದು ಬಂದವರನ್ನು ಚಿತ್ತಾಪುರದ ಕಚೇರಿ ಬೇಕಾದಷ್ಟು ಕಂಡಿತ್ತು. ಹತ್ತಿರವಿದೆ, ದೂರ ಮಾಡಿ ಎಂದು ಬಂದವರನ್ನು ಕಂಡದ್ದು ಅದೇ ಮೊದಲು.

ಖಾಜಾಮಿಯಾನ ಟ್ರ್ಯಾಕ್ಟರ್ ಕಚೇರಿಯ ಮುಂದೆ ನಿಂತಿತು. ನೆಲಕ್ಕೆ ಹಾಸುವ ಫರಸಿ ಕಲ್ಲು ಸಾಗಿಸುವ ಟ್ರಾಲಿಯಿಂದ ಹೆಂಗಸರು ಒಬ್ಬರ ಮೇಲೊಬ್ಬರು ಧುಮುಕಿದರು. ರೆಪ್ಪೆ, ಹುಬ್ಬು, ಸೆರಗು ಎಲ್ಲ ಕಲ್ಲಿನ ಧೂಳಿನಿಂದ ಬೆಳ್ಳಗೆ. ತುಳಜಮ್ಮ ಇಳಿಯುವಾಗಲೇ ನಗುತ್ತಿದ್ದಳು. ಅವಳು ನಕ್ಕರೆ ಉಳಿದವರಿಗೂ ತಡೆಯುವುದಿಲ್ಲ. ಅಮೃತಮ್ಮ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡು ಮುಂದೆ ನಡೆದಳು.

ಗುಮಾಸ್ತ ಅರ್ಜಿಯನ್ನು ಎರಡು ಸಲ ಓದಿದ.

"ಏನವಾ, ನಿಮ್ಮ ಖಣಿ ಓಣ್ಯಾಗೇ ಮತಗಟ್ಟಿ ಅದಲ್ಲ?"

"ಅದರಿ," ಎಂದಳು ಅಮೃತಮ್ಮ.

"ಅಂಗನವಾಡ್ಯಾಗ, ಮನಿ ಬಾಗಿಲದಾಗೇ?"

"ಹೌದ್ರಿ. ಕುಂತಲ್ಲಿಂದ ಉಗುಳಿದ್ರ ಅದರ ಮ್ಯಾಲೇ ಬೀಳ್ತದ," ಎಂದಳು ತುಳಜಮ್ಮ.

"ಅದನ್ನ ತಗದು ಹಳಿ ಆಚಿ, ಊರೊಳಗಿನ ಸಾಲಿಗಿ ಹಾಕ್ಬೇಕು?"

"ಹಾಕ್ರಿ."

"ಮೇ ತಿಂಗಳ ಬಿಸಲಾಗ ಅಲ್ಲೀತನ ನಡೀತೀರಿ?"

"ಕುಣಕೋತ ಹೋಗ್ತೀವ್ರಿ!"

ಗುಮಾಸ್ತ ಪೆನ್ನು ಕಿವಿಗೆ ಸಿಕ್ಕಿಸಿ ಪಕ್ಕದ ಕೋಣೆಯ ಜೊತೆಗಾರನನ್ನು ಕೂಗಿದ. "ವಾಸುದೇವರಾವ್, ಜರಾ ಹೊರಗ ಬರ್ರಿ. ಮಜಾ ನೋಡ್ರಿ ಇಲ್ಲಿ."

ಕಚೇರಿ ನಕ್ಕಿತು. ಬಂದವರು ಅದಕ್ಕಿಂತ ಜೋರಾಗಿ ನಕ್ಕರು. ಆದರೆ ಅವರು ನಗಲು ಬಂದವರಲ್ಲ. ಯಾಕೆ ಬಂದರು ಎಂಬುದನ್ನು ಮೊದಲು ಹೇಳಬೇಕು.

ಶಹಾಬಾದಿನಿಂದ ವಾಡಿಯ ಕಡೆಗೆ ಹೋಗುವ ರೈಲು ಹಳಿಯ ಆಚೆ ಊರು, ಈಚೆ ಕಲ್ಲುಗಣಿಯ ಪಕ್ಕದ ಖಣಿ ಓಣಿ. ಓಣಿಯವರೆಲ್ಲ ಹೊಲೆಯರು, ಮಾದಿಗರು. ಕಲ್ಲು ಎಬ್ಬಿಸುವವರು, ಹೊರುವವರು, ತಿಕ್ಕುವವರು. ಖಣಿ ಕಾಶೀನಾಥ ಧಣಿಯದು. ಪಾಲೀಶ್ ಕಾರ್ಖಾನೆ ಧಣಿಯದು. ಗುಡಿಸಲು ನಿಂತ ನೆಲ ಧಣಿಯದು. ಕಾರ್ಖಾನೆಯ ನೀರಿನ ಟಾಕಿಯಿಂದ ಓಣಿಗೆ ಬರುವ ಒಂದೇ ಒಂದು ನಳವೂ ಧಣಿಯದೇ.

ಮೊದಲು ಎರಡೂ ಕಡೆಯವರಿಗೆ ಊರಿನ ಶಾಲೆಯಲ್ಲೇ ಒಂದು ಮತಗಟ್ಟೆ ಇತ್ತು. ಊರವರ ಓಟು ಮುಗಿಯುವ ತನಕ ಓಣಿಯವರು ಬೇವಿನ ಮರದಡಿ ಕೂತಿರಬೇಕು. ಎರಡು ಸಾವಿರದ ನಾಲ್ಕರ ಚುನಾವಣೆಗೆ ಧಣಿ ಓಡಾಡಿ ಓಣಿಗೇ ಬೇರೆ ಮತಗಟ್ಟೆ ಮಾಡಿಸಿದ. "ನಮ್ಮ ಮಂದಿ ಬಿಸಲಾಗ ಯಾಕ ನಡೀಬೇಕು?" ಎಂದ. ಓಣಿಯವರು ಅವನಿಗೆ ಹಾರ ಹಾಕಿದರು. ಹಾರ ಕಟ್ಟಿದವಳು ಅಮೃತಮ್ಮನೇ.

ಅದೇ ವರ್ಷ ಓಟಿನ ಕಾಗದ ಹೋಗಿ ಯಂತ್ರ ಬಂತು. ಪಾಲೀಶ್ ಯಂತ್ರ ತುಳಜಮ್ಮನ ಕಿರುಬೆರಳಿನ ತುದಿ ತಿಂದ ಮೇಲೆ ಓಣಿಯ ಹೆಂಗಸರು ಯಾವ ಹೊಸ ಯಂತ್ರವನ್ನೂ ಅರಿಷಿಣ ಕುಂಕುಮ ಹಚ್ಚದೆ ಮುಟ್ಟುವುದಿಲ್ಲ. ಓಟಿನ ಯಂತ್ರವೂ ಯಂತ್ರವೇ ಅಲ್ಲವೆ? ಬೆಳಿಗ್ಗೆ ಮೊದಲಿಗಳಾಗಿ ಒಳಹೊಕ್ಕ ತುಳಜಮ್ಮ ಸೆರಗಿನ ಗಂಟು ಬಿಚ್ಚಿ ಮೂರು ಬೊಟ್ಟು ಇಟ್ಟೇಬಿಟ್ಟಳು. ಕುಂಕುಮ ಚಿಹ್ನೆಗಳ ಮೇಲೆಲ್ಲ ಚೆಲ್ಲಿತು.

"ಏ ಯವ್ವಾ, ಏನ್ ಮಾಡ್ಲಿಕತ್ತಿ?" ಮತಗಟ್ಟೆಯ ಅಧಿಕಾರಿ ಹೌಹಾರಿ ಎದ್ದ.

"ಬೆರಳ ತಿನಬಾರದು ಅಂತ ಕೇಳಕೊಂಡೆ ಯಪ್ಪಾ," ಎಂದು ತುಳಜಮ್ಮ ಉಫ್ ಎಂದು ಊದಿ ಗುಂಡಿ ಒತ್ತಿದಳು. ಯಂತ್ರ ಕೂಂ ಎಂದು ಉದ್ದಕ್ಕೆ ಕೂಗಿತು. ಹೊರಗಿದ್ದವರು ಚಪ್ಪಾಳೆ ತಟ್ಟಿದರು. ಅಷ್ಟು ಸಡಗರದ ಓಟು ಅವರು ಎಂದೂ ಹಾಕಿರಲಿಲ್ಲ.

ಎಣಿಕೆಯ ಮರುದಿನ ಸಡಗರ ಮುಗಿಯಿತು.

ಕೂಲಿಯವರನ್ನು ನೋಡಿಕೊಳ್ಳುವ ಮುಕದಮ ಸಾಬಣ್ಣ ಎಲ್ಲರನ್ನೂ ಕಲ್ಲಿನ ಅಡ್ಡೆಯಲ್ಲಿ ಸಾಲಾಗಿ ನಿಲ್ಲಿಸಿದ. ಧಣಿ ಕುರ್ಚಿಯಲ್ಲಿ ಕೂತಿದ್ದ. "ಖಣಿ ಓಣಿ ಪೆಟ್ಟಿಗ್ಯಾಗ ನಲವತ್ಮೂರು ಓಟು ಬ್ಯಾರೆದವನಿಗಿ ಬಿದ್ದಾವ," ಎಂದ. "ನನ್ನ ನೀರು ಕುಡದು ನನಗೇ ಉಗುಳಿದವ್ರು ಯಾರು?"

ಸಾಬಣ್ಣ ನೆಲದ ಮೇಲೆ ದೀಪ ಹಚ್ಚಿಟ್ಟ. ಒಬ್ಬೊಬ್ಬರಾಗಿ ಬಗ್ಗಿ, ದೀಪ ಮುಟ್ಟಿ, ನಾನಲ್ಲ ಎಂದು ಆಣೆ ಮಾಡಬೇಕು. ಮುದುಕರು ಬಗ್ಗಿದರು. ಬಸುರಿಯರು ಬಗ್ಗಿದರು. ನಲವತ್ಮೂರು ಮಂದಿಯೂ ಬಗ್ಗಿದರು, ಉಳಿದವರೂ ಬಗ್ಗಿದರು. ಎಲ್ಲರೂ ನಾನಲ್ಲ ಎಂದರು. ದೀಪ ಪಾಪ ಯಾರನ್ನೂ ಸುಡಲಿಲ್ಲ.

ಧಣಿ ಎದ್ದ. "ಹಂಗಾದ್ರ ಎಲ್ಲಾರೂ ನೀರಿಲ್ದ ಬೀಳ್ರಿ," ಎಂದು ನಳ ಬಂದ್ ಮಾಡಿಸಿದ.

ಮಳೆ ಬೀಳುವ ತನಕ ಓಣಿ ಹಾಳು ಖಣಿಯ ನೀರು ಕುಡಿಯಿತು. ಹಸಿರು ನೀರು. ಕಲ್ಲಿನಲ್ಲಿ ಕಡಿದ ಕಡಿದಾದ ಮೆಟ್ಟಿಲು. ದಿನವೆಲ್ಲ ಕಲ್ಲು ಹೊತ್ತ ಕುತ್ತಿಗೆ, ಸಂಜೆ ಕೊಡ ಹೊರಬೇಕು. ಒಂದು ಸಂಜೆ ಅಮೃತಮ್ಮ ಜಾರಿದಳು. ಎರಡು ಕೊಡ ಒಡೆದವು. ಮುಖ ಕಲ್ಲಿಗೆ ಬಡಿದು ಮುಂದಿನ ಹಲ್ಲು ಎರಡು ಹೋದವು. ಮಗಳು ಗೌತಮಿಗೆ ಆಗ ಹದಿನಾಲ್ಕು. ಅವಳು ಅವ್ವನ ಬಾಯಿಗೆ ಸೆರಗು ಒತ್ತಿ ಹಿಡಿದು, "ನೀ ಆ ನಲವತ್ಮೂರರಾಗ ಅದಿಯೇನವ್ವ?" ಎಂದು ಕೇಳಿದಳು. ಬಾಯಿ ತುಂಬ ರಕ್ತವಿದ್ದುದರಿಂದ ಅಮೃತಮ್ಮ ಉತ್ತರ ಹೇಳುವುದು ತಪ್ಪಿತು.

ನಳ ಮತ್ತೆ ಬಂತು. ಓಣಿಯವರ ಬಾಯಿ ಮಾತ್ರ ಮುಚ್ಚಿಯೇ ಇತ್ತು. ಓಣಿಯಲ್ಲಿ ಒಬ್ಬರನ್ನೊಬ್ಬರು ನೋಡುವ ಕಣ್ಣೇ ಬೇರೆಯಾಯಿತು. ಇವಳಿರಬಹುದೆ? ಅವನಿರಬಹುದೆ? ಇವರಿಂದ ನಮಗೆ ನೀರು ಹೋಯಿತೆ? ಧಣಿ ಕಾವಲುಗಾರನನ್ನು ಇಡಬೇಕಾಗಲಿಲ್ಲ. ಓಣಿಯೇ ಓಣಿಯನ್ನು ಕಾಯತೊಡಗಿತು.

ನಾಲ್ಕು ವರ್ಷ ಕಳೆದು ಇನ್ನೊಂದು ಚುನಾವಣೆ ಹತ್ತಿರ ಬಂತು. ಗೌತಮಿಗೆ ಹದಿನೆಂಟು ತುಂಬಿ ಮತದಾರರ ಪಟ್ಟಿಯಲ್ಲಿ ಅವಳ ಫೋಟೊ ಬಂದಿತ್ತು. ಫೋಟೊದಲ್ಲಿ ಅವಳು ಕಳ್ಳಿಯ ಹಾಗೆ ಕಾಣುತ್ತಿದ್ದಳು. ಆದರೂ ಅಂಗನವಾಡಿಯ ಗೋಡೆಯ ಮುಂದೆ ನಿಂತು ಮತ್ತೆ ಮತ್ತೆ ನೋಡಿಕೊಂಡಳು. ಹಿಂದೆ ನಿಂತಿದ್ದ ಸಾಬಣ್ಣ ಬೀಡಿ ತುದಿಯಿಂದ ಫೋಟೊ ತೋರಿಸಿ ಹೇಳಿದ:

"ಭಪ್ಪರೆ. ಇನ್ನ ಗೌತಮೀನೂ ದೀಪ ಮುಟ್ಟೋಳಾದಳು."

ಆ ಮಾತು ಪಕ್ಕದಲ್ಲಿದ್ದ ಅಮೃತಮ್ಮನಿಗೆ ನಾಟಿತು. ತನ್ನ ಬೆನ್ನು ಬಗ್ಗಿದ್ದು ಬಗ್ಗಿ ಹೋಗಿತ್ತು. ಮಗಳ ಬೆನ್ನು ಇನ್ನೂ ನೆಟ್ಟಗಿತ್ತು. ತನ್ನ ಮಗಳು ಆ ನೆಲದ ಮೇಲೆ ಬಗ್ಗಬಾರದು. ಅವಳಿಗೆ ಬೇಕಾದದ್ದು ಇಷ್ಟೇ.

ದಾರಿ ತೋರಿಸಿದ್ದು ಒಂದು ಚೇಷ್ಟೆಯ ಮಾತು. ಟ್ರಾಲಿಗೆ ಫರಸಿ ಏರಿಸುವಾಗ ಖಾಜಾಮಿಯಾ ಹಳೆಯ ಎಣಿಕೆಯ ಕಥೆ ಹೇಳುತ್ತಿದ್ದ. ಅವನು ಒಮ್ಮೆ ಎಣಿಕೆಗೆ ಪಕ್ಷದ ಏಜೆಂಟನಾಗಿ ಕೂತವನು.

"ಕಾಗದ ಇದ್ದಾಗ ಏನ್ ಮಾಡ್ತಿದ್ರು ಗೊತ್ತದೇನ್ರೆವ್ವಾ? ಹತ್ತು ಹಳ್ಳಿ ಚೀಟಿ ಒಂದು ಡ್ರಮ್ಮಿಗಿ ಸುರುವಿ ಗರಗರ ತಿರುವ್ತಿದ್ರು. ಯಾರ ಊರಿಂದು ಯಾವ ಚೀಟಿ, ಆ ಅಲ್ಲಾಗೂ ತಿಳೀತಿದ್ದಿಲ್ಲ. ಈಗ ಮಷೀನ್ ಶಾಣ್ಯಾ ಅದ. ಒಂದೊಂದು ಪೆಟ್ಟಿಗಿ ತನ್ನ ತನ್ನ ಓಣಿ ಹೆಸರು ಹೇಳಿ ಲೆಕ್ಕ ಒದರ್ತದ."

"ಥೂ, ಚಾಡಿಕೋರ ಮಷೀನ್!" ಎಂದಳು ತುಳಜಮ್ಮ. "ಹಂಗಾದ್ರ ನಮ್ಮ ಓಟು ಒಯ್ದು ಧಣಿ ಓಣಿ ಪೆಟ್ಟಿಗ್ಯಾಗೇ ಹಾಕಿದ್ರ? ಜ್ವಾಳದ ಹಿಟ್ಟಿನಾಗ ಸಜ್ಜಿ ಹಿಟ್ಟು ಕಲಸಿದಂಗ! ಆರಸ್ಲಿ ಮಗ, ಜರಡಿ ಹಿಡಕೊಂಡು ಕುಂತು!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಮೃತಮ್ಮ ನಗಲಿಲ್ಲ. ಕೈಯಲ್ಲಿದ್ದ ಫರಸಿಯನ್ನು ಇಳಿಸಿದಳು.

"ತುಳಜಾ, ಇನ್ನೊಮ್ಮಿ ಹೇಳು."

ತುಳಜಮ್ಮ ಇನ್ನೊಮ್ಮೆ ಹೇಳಿದಳು. ಈ ಸಲ ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೇ ನಕ್ಕರು, ಹುಚ್ಚರ ಹಾಗೆ, ಟ್ರಾಲಿಯ ಗಾಲಿ ಹಿಡಿದುಕೊಂಡು. ಆ ವರ್ಷ ಕ್ಷೇತ್ರಗಳ ಗಡಿ ಬದಲಾಗಿ ಮತಗಟ್ಟೆಗಳನ್ನು ಹೊಸದಾಗಿ ಹಂಚುತ್ತಿದ್ದರು. ಖಾಜಾಮಿಯಾ ಅರ್ಜಿ ಬರೆಸಿಕೊಟ್ಟ. ಅವರು ಚಿತ್ತಾಪುರಕ್ಕೆ ಬಂದದ್ದು ಅದರ ವಿಚಾರಣೆಗೆ.

ಗುಮಾಸ್ತ ಅವರನ್ನು ಒಳಗೆ ಬಿಟ್ಟ. ಫ್ಯಾನಿನ ಕೆಳಗೆ ಅಧಿಕಾರಿ. ಬೆಂಗಳೂರು ಕಡೆಯವನು, ಹೊಸಬ. ಅವನ ಎದುರಿನ ಕುರ್ಚಿಯಲ್ಲಿ ಕಾಶೀನಾಥ ಧಣಿ, ಹಿಂದೆ ಸಾಬಣ್ಣ. ಹೆಂಗಸರ ನಗೆ ಬಾಗಿಲಲ್ಲೇ ಉಳಿಯಿತು.

"ಮತಗಟ್ಟೆ ಹತ್ತಿರ ಇರಬೇಕು ಅಂತಲೇ ನಿಯಮ ಇರೋದು," ಎಂದ ಅಧಿಕಾರಿ. "ನಿಮಗೆ ಯಾಕೆ ದೂರ ಬೇಕು? ಕಾರಣ ಹೇಳಿ."

ಕಾರಣ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿತ್ತು. ಅದರ ಮುಂದೆ ಹೇಳುವುದು ಹೇಗೆ? ಹೆಂಗಸರು ಒಬ್ಬರನ್ನೊಬ್ಬರು ತಿವಿದರು.

"ಹೊಸಾ ಸೀರಿ ಉಟ್ಟು ಅಷ್ಟು ದೂರ ಹೋದ್ರ ನಾಕು ಮಂದಿ ನೋಡ್ತಾರ್ರಿ," ಎಂದಳು ತುಳಜಮ್ಮ.

"ನಡದ್ರ ಕಾಲು ಸಡ್ಲ ಆಗ್ತಾವ್ರಿ," ಎಂದಳು ಇನ್ನೊಬ್ಬಳು.

"ನಮ್ಮ ಅಂಗನವಾಡ್ಯಾಗ ಹಲ್ಲಿ ಭಾಳ ಅವ್ರಿ!"

ಅಧಿಕಾರಿ ತುಟಿ ಕಚ್ಚಿ ನಗೆ ತಡೆದ. ಧಣಿ ಸಕ್ಕರೆಯಂಥ ದನಿಯಲ್ಲಿ ಮಾತು ತೆಗೆದ.

"ಸಾಹೇಬ್ರ, ಇವ್ರು ನನ್ನ ಮಕ್ಕಳಿದ್ದಂಗ. ಯಾರೋ ತಲಿ ಕೆಡಿಸ್ಯಾರ. ಊರ ಸಾಲ್ಯಾಗ ನಮ್ಮ ಹೆಣ್ಮಕ್ಕಳು ಪಾಳಿ ಹಚ್ಚಿರ್ತಾರ. ನಾ ಜಾತಿ ಮಾತಾಡಂಗಿಲ್ಲ. ಸ್ವಚ್ಛತಾ ಮಾತಾಡ್ತೀನಿ. ಇವರ ಕೈ ನೋಡ್ರಿ ನೀವ. ಆ ಧೂಳ ಮಷೀನ್ ಒಳಗ ಹೋದ್ರ ಸರಕಾರದ ಮಾಲು ಕೆಡ್ತದ."

ಸಾಬಣ್ಣ ಹೌದು ಹೌದು ಎಂದು ತಲೆಯಾಡಿಸಿದ.

ಅಮೃತಮ್ಮ ತನ್ನ ಕೈ ನೋಡಿಕೊಂಡಳು. ಒಡೆದ ಅಂಗೈ. ಬೆರಳ ಸಂದಿಗಳಲ್ಲಿ ಬಿಳಿ ಗೆರೆ. ಎಷ್ಟು ತಿಕ್ಕಿ ತೊಳೆದರೂ ಹೋಗದ ಗೆರೆ.

"ಧಣೇರ," ಎಂದಳು. "ಈ ಧೂಳ ನಮ್ಮ ಅಂಗನವಾಡಿ ಮಷೀನಿಗಿ ಹೋಗಂಗಿಲ್ಲೇನ್ರಿ? ನಿಮ್ಮ ಸಾಲಿ ಮಷೀನಿಗಿ ಅಷ್ಟೇ ಹೋಗ್ತದೇನು?"

ಹಿಂದಿನಿಂದ ಯಾರೋ ಕಿಸಕ್ಕೆಂದರು.

"ನಿಮ್ಮ ಅಡಗಿಮನಿ ಫರಸಿ ಈ ಕೈಲೇ ತಿಕ್ಕೀನಿ. ಅದರ ಮ್ಯಾಲ ಕುಂತು ಉಣ್ತೀರಿ. ಅದಕ್ಕ ಧೂಳ ಹತ್ತಿಲ್ಲ. ಒಂದು ಗುಂಡಿಗಿ ಹತ್ತತದ?"

"ಅಮೃತಿ, ಬಾಯಿ ಮುಚ್ಚು," ಎಂದ ಸಾಬಣ್ಣ.

"ಮುಚ್ಚಂಗಿಲ್ಲ." ಅವಳು ಅಧಿಕಾರಿಯ ಕಡೆ ತಿರುಗಿದಳು. ದನಿ ಏರಿತು. "ಸಾಹೇಬ್ರ, ಕಾರಣ ಕೇಳಿದ್ರಲ್ಲ. ಹೋದ ಸಲ ನಮ್ಮ ಪೆಟ್ಟಿಗಿ ನಮ್ಮ ಹೆಸರು ಹೇಳ್ತು. ಎಲ್ಲಾರನೂ ಬಗ್ಗಿಸಿ ದೀಪ ಮುಟ್ಟಿಸಿದ್ರು. ಕುಡಿಯೋ ನೀರು ಬಂದ್ ಮಾಡಿದ್ರು. ನನ್ನ ಹಲ್ಲು ಖಣ್ಯಾಗ ಬಿದ್ದಾವ. ಮುಂಜಾನಿ ಚೆಂಬು ಹಿಡಕೊಂಡು ಹೊಂಟ್ರ ನಮಗ ಒಂದು ಜಾಲಿ ಕಂಟಿಯಾರ ಮರೆ ಅದರಿ. ಓಟಿಗಿ ಮರೆ ಇಲ್ಲ. ಮುಂದ ರಟ್ಟು ಅಡ್ಡ ಇಟ್ಟೀರಿ, ಹಿಂದ ಪೆಟ್ಟಿಗಿ ಬಿಚ್ಚಿ ತೋರಿಸ್ತೀರಿ. ನಮ್ಮ ಓಟು ಅವರ ಓಟಿನಾಗ ಕಲಸ್ರಿ. ಕಲಸಂಗಿಲ್ಲ ಅಂದ್ರ ಬ್ಯಾಡ. ಆ ಅಂಗನವಾಡ್ಯಾಗ ನಮ್ಮ ಓಣಿದು ಒಂದು ಬೆರಳೂ ಗುಂಡಿ ಮುಟ್ಟಂಗಿಲ್ಲ. ಮಷೀನ್ ತಂದು ಹಲ್ಲಿಗಿ ಓಟು ಹಾಕಸ್ರಿ."

ತುಳಜಮ್ಮನಿಗೆ ತಡೆಯಲಾಗಲಿಲ್ಲ. "ಹಲ್ಲಿ ಭಾಳ ಅವ್ರಿ, ಹೇಳೀವಲ್ಲ!" ಎಂದಳು. ಕೋಣೆಯೆಲ್ಲ ಸಿಡಿಯಿತು. ಬಾಗಿಲಲ್ಲಿ ಇಣುಕುತ್ತಿದ್ದ ಗುಮಾಸ್ತನೂ ನಕ್ಕ. ಧಣಿಯ ಮುಖ ಕೆಂಪಾಯಿತು.

"ನೀರು ನಿಲ್ಲಿಸಿದ್ದು ನಿಜವಾ?" ಎಂದ ಅಧಿಕಾರಿ.

"ಪೈಪ್ ರಿಪೇರಿ ಇತ್ತು," ಎಂದ ಧಣಿ.

ಅಧಿಕಾರಿ ಮತ್ತೇನೂ ಕೇಳಲಿಲ್ಲ. ಪಟ್ಟಿ ತೆಗೆದು ಎರಡು ಮತಗಟ್ಟೆಗಳ ಮತದಾರರನ್ನು ಕೂಡಿಸಿದ. ಕೂಡಿಸಿದರೂ ಒಂದೇ ಮತಗಟ್ಟೆಗೆ ಸಾಕಾಗುವಷ್ಟು ಮಂದಿ. ಒಂದು ಯಂತ್ರ ಉಳಿಯುತ್ತದೆ. ಸಿಬ್ಬಂದಿ ಉಳಿಯುತ್ತಾರೆ. ಒಂದು ಜೀಪು ಉಳಿಯುತ್ತದೆ. "ಸೇರಿಸಿಬಿಡೋಣ," ಎಂದ. ಅವಳ ಹಲ್ಲಿಗಾಗಿ ಸೇರಿಸಿದನೋ ಜೀಪಿಗಾಗಿ ಸೇರಿಸಿದನೋ, ಅದನ್ನು ಕೇಳುತ್ತ ನಿಲ್ಲುವ ಪುರಸೊತ್ತು ಯಾರಿಗಿತ್ತು? ಹೆಂಗಸರು ಟ್ರಾಲಿ ಹತ್ತಿ ಹಾಡುತ್ತ ಹೊರಟರು.

ಮರುದಿನ ಅಮೃತಮ್ಮನನ್ನು ಪಾಲೀಶಿನಿಂದ ತೆಗೆದು ಚೂರುಕಲ್ಲು ಹೊರಲು ಹಾಕಿದರು. ಬುಟ್ಟಿ ಹೊತ್ತು ಹೊತ್ತು ನೆತ್ತಿ ಸುಲಿಯಿತು. ಅವಳು ಹೊತ್ತಳು. ನಳವನ್ನು ಮಾತ್ರ ಧಣಿ ಮುಟ್ಟಲಿಲ್ಲ. ಚುನಾವಣೆ ಹತ್ತಿರವಾದಂತೆ ನೀರು ಇನ್ನೂ ಜೋರಾಗಿ ಬಂತು. ಅಡ್ಡೆಗೆ ಹಂಡೆಗಟ್ಟಲೆ ಮಜ್ಜಿಗೆ ಬಂತು, ಒಂದು ದಿನ ಬುಂದಿಯೂ ಬಂತು. ಇನ್ನು ಲೆಕ್ಕ ಹಿಡಿದು ಬೆದರಿಸುವುದಾಗುವುದಿಲ್ಲ, ಬೇಡಿಕೊಳ್ಳಬೇಕು ಎಂಬುದು ಧಣಿಗೆ ತಿಳಿದಿತ್ತು. ಹೆಂಗಸರು ಬುಂದಿ ತಿಂದು ಬೆರಳು ನೆಕ್ಕಿದರು.

"ಉಪ್ಪು ತಿಂದ ಮನಿ ಋಣ ಅದ, ನೆನಪಿರಲಿ," ಎಂದ ಸಾಬಣ್ಣ.

"ಇದು ಸಿಹಿ ಅದಲ್ಲೋ ಸಾಬಣ್ಣ!" ಎಂದಳು ತುಳಜಮ್ಮ.

ಓಟಿನ ದಿನ ಓಣಿಗೆ ಓಣಿಯೇ ಹಳಿ ದಾಟಿತು. ನೆಲ ಕಾದ ಹಂಚಿನಂತಿತ್ತು. ಗೌತಮಿ ಹೊಸ ಚಪ್ಪಲಿ ಕಚ್ಚಿತೆಂದು ಕೈಯಲ್ಲಿ ಹಿಡಿದು, ಅಯ್ಯೋ ಅವ್ವಾ ಎಂದು ಜಿಗಿಯುತ್ತ ನಡೆದಳು. ಶಾಲೆಯಲ್ಲಿ ಹೆಂಗಸರಿಗೆ ಒಂದೇ ಸಾಲು. ಈ ಸಲ ಮರದಡಿ ಕಾಯುವ ಮಾತಿಲ್ಲ. ಬಂದವರು ಬಂದ ಹಾಗೆ ನಿಂತರು. ಊರ ಹೆಂಗಸರು ಸೆರಗು ಎಳೆದುಕೊಂಡು ಸರಿದರು. ಎಷ್ಟು ಸರಿದಾರು? ನೆರಳು ಇದ್ದದ್ದು ಗೋಡೆಯ ಬದಿಗೆ ಒಂದು ಮೊಳ. ಬಿಸಿಲಿಗೆ ತಲೆ ಸುಟ್ಟಾಗ ಒಬ್ಬೊಬ್ಬರೇ ಅದರೊಳಗೆ ಬಂದರು. ಮೈಗೆ ಮೈ ತಾಗಿತು. ಯಾರೂ ಕರಗಿ ಹೋಗಲಿಲ್ಲ.

ಅಮೃತಮ್ಮನ ಮುಂದೆ ಧಣಿಯ ಹೆಂಡತಿ ನೀಲಾಬಾಯಿ ನಿಂತಿದ್ದಳು. ಬಹಳ ಹೊತ್ತು ತಿರುಗಲಿಲ್ಲ. ಆಮೇಲೆ ಕುತ್ತಿಗೆ ಮಾತ್ರ ತಿರುಗಿಸಿ ಪಿಸುಗುಟ್ಟಿದಳು.

"ಅಮೃತವ್ವ, ಒಳಗ ನಾ ಯಾವುದು ಒತ್ತಿದ್ರೂ ಮನ್ಯಾಗ ತಿಳೀತದೇನ?"

ಆ ದೊಡ್ಡ ಮನೆಯಲ್ಲೂ ಒಬ್ಬಳು ಹೆದರುತ್ತಾಳೆ ಎಂದು ಅಮೃತಮ್ಮ ನೆನೆಸಿರಲಿಲ್ಲ.

"ಇನ್ನ ತಿಳಿಯಂಗಿಲ್ರಿ ಅಕ್ಕೋರೆ," ಎಂದಳು. "ನಾವು ಬಂದೀವಲ್ಲ. ನಿಮ್ಮದು ನಮ್ಮದರಾಗ ಕಲತು ಹೋಗ್ತದ."

ನೀಲಾಬಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅವಳ ಹೆಗಲು ಕುಲುಕುತ್ತಿತ್ತು. ಅಳುವೇ ಎಂದು ಅಮೃತಮ್ಮ ಬಗ್ಗಿ ನೋಡಿದಳು. ನಗೆ! ಚಿಕ್ಕ ಹುಡುಗಿಯ ನಗೆ. ಅದು ಅಮೃತಮ್ಮನಿಗೂ ಅಂಟಿತು. ಹಿಂದಿದ್ದ ಗೌತಮಿಗೂ ಅಂಟಿತು. ಪೊಲೀಸಿನವನು "ಸುಮ್ಕಿರ್ರೆವ್ವಾ" ಎಂದು ಕೋಲು ಕುಟ್ಟಿದ.

ಎಣಿಕೆಯಾಯಿತು. ಆ ಪೆಟ್ಟಿಗೆಯಲ್ಲಿ ಧಣಿಯ ಮನುಷ್ಯನಿಗಿಂತ ಎದುರಿನವನಿಗೆ ಎಷ್ಟೋ ಹೆಚ್ಚು ಓಟು ಬಿದ್ದಿದ್ದವು. ಯಾರವು? ಧಣಿ ಖಣಿ ಓಣಿಯವರದೆಂದು ಒಂದಷ್ಟು ಕಳೆದು ನೋಡಿದ. ಮತ್ತೂ ಉಳಿದವು. ಸಾಕ್ಷಾತ್ ತನ್ನ ಓಣಿಯಲ್ಲೇ, ತನ್ನ ಜಗಲಿಯಲ್ಲೇ ಚಹಾ ಕುಡಿಯುವವರಲ್ಲೇ ಯಾರೋ! ತಮ್ಮನ ಜೊತೆ ಮಾತು ಬಿಟ್ಟ. ಭಾವಮೈದುನನನ್ನು ನೋಡಿ ಮುಖ ತಿರುಗಿಸಿದ. ಕೊನೆಗೆ ಅವನ ಕಣ್ಣು ಊರಿನ ಪಟ್ಟಿಯಲ್ಲೇ ಹೆಸರಿದ್ದ ಸಾಬಣ್ಣನ ಮೇಲೆ ಬಿತ್ತು.

ಸಾಬಣ್ಣ ಅಡ್ಡೆಗೆ ಬಂದಾಗ ಅವನ ಮೀಸೆ ಇಳಿದಿತ್ತು. ಅಮೃತಮ್ಮನ ಬುಟ್ಟಿಗೆ ತಾನೇ ಕೈ ಹಚ್ಚಿ ಇಳಿಸಿದ.

"ಅಮೃತವ್ವ, ನೀ ಆರ ಧಣೇರಿಗಿ ಒಂದು ಮಾತು ಹೇಳವ್ವ. ನಾ ಬ್ಯಾರೆದವಗ ಹಾಕಿಲ್ಲ. ಖರೇನೇ ಹಾಕಿಲ್ಲ!"

"ನನಗ್ಹ್ಯಾಂಗ ಗೊತ್ತಾಗಬೇಕೋ ಯಣ್ಣಾ?" ಎಂದಳು ಅಮೃತಮ್ಮ, ಕಣ್ಣರಳಿಸಿ. "ಒಳಗ ನೀ ಒಬ್ಬಾಂವೇ ಇದ್ದಿ."

ತುಳಜಮ್ಮ ಕಲ್ಲಿನ ರಾಶಿಯ ಮೇಲೆ ಕುಸಿದು ಕೂತಳು. "ಹಾಕಿರಬೇಕು ನೋಡ್ರೆ! ಮಾರಿ ನೋಡ್ರಿ ಅವನ್ದು! ಹಾಕ್ಯಾನ!" ಅಡ್ಡೆಯ ಸುತ್ತಿಗೆಗಳೆಲ್ಲ ನಿಂತವು. ಸಾಬಣ್ಣ ಓಡಿದ. ನಗೆ ಅವನ ಬೆನ್ನು ಹತ್ತಿತು. ಯಾರನ್ನು ಹಿಡಿಯಬೇಕೆಂದು ತಿಳಿಯದ ಮೇಲೆ ಯಾರಿಗೆ ನೀರು ನಿಲ್ಲಿಸುವುದು? ಆ ಅಪ್ಪಣೆ ಬರಲೇ ಇಲ್ಲ.

ಅಂದು ಸಂಜೆ ಅಮೃತಮ್ಮ ನಳದ ಕೆಳಗೆ ಕೊಡ ಇಟ್ಟಳು. ಪಕ್ಕದಲ್ಲಿ ಗೌತಮಿ ಸಿಂಬಿ ಸುತ್ತುತ್ತ ನಿಂತಿದ್ದಳು. ಅಮೃತಮ್ಮ ಆಚೀಚೆ ನೋಡಿದಳು. ಯಾರೂ ಇರಲಿಲ್ಲ. ಮೂರು ದಿನದಿಂದ ನಾಲಿಗೆ ತುರಿಸುತ್ತಿತ್ತು.

"ಹೌದೇ ಗೌತಮಿ, ನೀ ಯಾರಿಗಿ ಹಾಕ್ದಿ?"

"ಹೇಳಂಗಿಲ್ಲ."

"ಏ, ನಾ ನಿನ್ನ ಹಡದಾಕಿ."

"ಹಡದಾಕಿ ಆದ್ರೂ ಹೇಳಂಗಿಲ್ಲ."

"ಮ್ಯಾಲಿಂದೋ ಕೆಳಗಿಂದೋ, ಅಷ್ಟ ಹೇಳು."

"ಊಹೂಂ."

"ಶೇಂಗಾ ಹೋಳಿಗಿ ಮಾಡಿಕೊಡ್ತೀನಿ."

"ಧಣೇರು ಬುಂದಿ ಕೊಟ್ಟಿದ್ರು, ಅವರಿಗೇ ಹೇಳಿಲ್ಲ." ಗೌತಮಿ ಸೊಂಟದ ಮೇಲೆ ಕೈಯಿಟ್ಟು ಅವ್ವನ ಎದುರು ನಿಂತಳು, ಬೆನ್ನು ನೆಟ್ಟಗೆ. "ನೀ ಯಾರಿಗಿ ಹಾಕ್ದಿ, ಮೊದಲ ನೀ ಹೇಳು."

ಅಮೃತಮ್ಮ ಬಾಯಿ ತೆರೆದಳು. ಮಗಳು ಕಾದಳು. ಅಮೃತಮ್ಮ ಬಾಯಿ ಮುಚ್ಚಿದಳು.

"ಪಲ್ಯಾ ಏನ್ ಮಾಡ್ಲಿ ಹೇಳು," ಎಂದಳು.

ಮಗಳು ಕಿರುಚಿ ನಕ್ಕಳು. ತಾಯಿ ನಳದ ಕಟ್ಟೆ ಹಿಡಿದುಕೊಂಡು ನಕ್ಕಳು. ಕೊಡ ತುಂಬಿ ಹರಿಯಿತು, ಇಬ್ಬರ ಪಾದವೂ ತೋಯ್ದವು, ನಳ ತಿರುಗಿಸುವುದು ಇಬ್ಬರಿಗೂ ನೆನಪಾಗಲಿಲ್ಲ.